ಉದ್ಯಾನದ ಪೊದೆಯಿಂದ ಬೊನ್ಸಾಯ್

ಮನೆಯ ಮುಂದಣ ಹೂದೋಟದಲ್ಲಿಯೋ ಬೇಲಿಯ ಸಾಲಿನಲ್ಲಿಯೋ ಬಹುಕಾಲ ಬೆಳೆದು, ತೋಟಗಾರನ ಕತ್ತರಿಗೆ ವರ್ಷ ವರ್ಷವೂ ತಲೆಯೊಡ್ಡಿ, ಎತ್ತರಕ್ಕೆ ಏರಲಾರದೆ ಬುಡದಲ್ಲಿಯೇ ದಪ್ಪಗಟ್ಟಿದ ಪೊದೆಯೊಂದನ್ನು ಬೇರುಸಹಿತ ಅಗೆದು ತೆಗೆದು, ಅದರ ಬೇರು, ಕಾಂಡ, ಕೊಂಬೆಗಳನ್ನು ಕ್ರಮಕ್ರಮವಾಗಿ ತಿದ್ದಿ, ಆಳವಿಲ್ಲದ ಕುಂಡದಲ್ಲಿ ಪುರಾತನ ವೃಕ್ಷವೊಂದರ ಆಕೃತಿಯೂ ಗಾಂಭೀರ್ಯವೂ ತೋರುವಂತೆ ಪೋಷಿಸುವುದು ಬೊನ್ಸಾಯ್ ಕಲೆಯ ಒಂದು ಪ್ರಮುಖ ಶಾಖೆ. ಬೀಜ ಬಿತ್ತಿ, ಕಡ್ಡಿ ನೆಟ್ಟು, ಗೂಟಿ ಕಟ್ಟಿ, ಅಥವಾ ನರ್ಸರಿಯಿಂದ ಎಳೆಯ ಗಿಡವನ್ನು ಕೊಂಡು ತಂದು ಬೊನ್ಸಾಯ್ ಬೆಳೆಸುವವರು ಇಲ್ಲದುದನ್ನು ಕೂಡಿಸುತ್ತ ಹೋಗುತ್ತಾರೆ. ಅಗೆದು ತಂದ ಪೊದೆಯನ್ನು ಹಿಡಿದವನಾದರೋ ಇರುವುದರಲ್ಲಿ ಬೇಡವಾದುದನ್ನು ಕಳೆಯುತ್ತ ಹೋಗುತ್ತಾನೆ. ನೋಡುವವರ ಕಣ್ಣಿಗೆ ಬೀಳುವುದು ಕೊಂಬೆಗಳ ವಿನ್ಯಾಸವಾದ್ದರಿಂದ ಈ ವಿದ್ಯೆಯ ಸಾರವೆಲ್ಲ ಕತ್ತರಿ ತಂತಿಗಳಲ್ಲಿದೆಯೆಂಬ ಭಾವನೆ ಹರಡಿದೆ. ವಾಸ್ತವದಲ್ಲಿ ಅಗೆದ ಗಿಡದ ಅಳಿವು ಉಳಿವುಗಳೂ, ಉಳಿದ ಮೇಲೆ ಅದರ ಯೋಗ್ಯತೆಯೂ ಬಹುಮಟ್ಟಿಗೆ ನಿರ್ಣಯವಾಗುವುದು ಬೇರಿನಲ್ಲಿ, ಅದೂ ಮೊದಲ ಎರಡು ಮೂರು ವರ್ಷಗಳಲ್ಲಿ.

ಇಷ್ಟು ಶ್ರಮವಹಿಸಿ ಪೊದೆಯನ್ನು ಅಗೆಯುವುದೇಕೆಂಬುದಕ್ಕೆ ಉತ್ತರ ಕಾಂಡದ ದಪ್ಪದಲ್ಲಿದೆ. ಬೇರು ಯಥೇಚ್ಛವಾಗಿ ಹರಡಲು ಎಡೆಯಿರುವ ನೆಲದಲ್ಲಿ ಎಲೆಯೂ ಯಥೇಚ್ಛವಾಗಿ ಬರುತ್ತದೆ, ಆ ಎಲೆಗಳು ಸಿದ್ಧಪಡಿಸಿದ ಆಹಾರದಿಂದ ಕಾಂಡ ಬೇಗನೆ ಸ್ಥೂಲವಾಗುತ್ತದೆ; ಸಣ್ಣ ಕುಂಡದಲ್ಲಿ ಬೇರಿಗೆ ಕಟ್ಟು ಬಿದ್ದೊಡನೆ ಈ ಸ್ಥೂಲತೆಯ ವೇಗ ಬಹಳ ಕುಂದಿಹೋಗುತ್ತದೆ. ಎಳೆಯ ಸಸಿಯನ್ನು ಮೊದಲಿನಿಂದಲೂ ಕುಂಡದಲ್ಲಿಯೇ ಇಟ್ಟವನು ಅದರ ಬೊಡ್ಡೆ ಮಣಿಕಟ್ಟಿನಷ್ಟು ದಪ್ಪವಾದುದನ್ನು ತನ್ನ ಜೀವಮಾನದಲ್ಲಿ ಕಾಣದಿದ್ದರೂ ಆಶ್ಚರ್ಯವಿಲ್ಲ. ಕಾಂಡದ ವ್ಯಾಸದ ಸುಮಾರು ಆರು ಪಟ್ಟು ಎತ್ತರವಿದ್ದರೆ ಗಿಡ ಬಲಿಷ್ಠವಾದ ಹಳೆಯ ಮರದಂತೆ ತೋರುತ್ತದೆಯೆಂಬುದು ಬೊನ್ಸಾಯ್ ಶಿಕ್ಷಕರು ಹೇಳಿಕೊಡುವ ಒಂದು ಸ್ಥೂಲವಾದ ಅಳತೆ. ಈ ಲೆಕ್ಕದಂತೆ 8 ಸೆಂ.ಮೀ. ದಪ್ಪದ ಬೇಲಿಗಿಡವನ್ನು ಅರ್ಧ ಮೀಟರಿಗೂ ಕೆಳಗೆ ಕತ್ತರಿಸಿ ನಿಲ್ಲಿಸಿದರೆ ಕಲಾವಿದನಿಗೆ ದಶಕಗಳ ಬೆಳವಣಿಗೆ ಕೂಲಿಯಿಲ್ಲದೆ ದೊರೆತಂತಾಯಿತು. ಬೇಲಿಯನ್ನು ಕಿತ್ತುಹಾಕಬೇಕೆಂದಿರುವ ಮನೆಯೊಡೆಯನಿಗೂ ಅದರಿಂದ ನಷ್ಟವಿಲ್ಲ.

ಕುಂಡದಲ್ಲಿ ಮರವನ್ನು ಕುಬ್ಜವಾಗಿ ಬೆಳೆಸುವ ಪದ್ಧತಿಯ ಪ್ರಾಚೀನ ಸಾಕ್ಷ್ಯ ಚೀನಾದಲ್ಲಿದೆ. ಷಾನ್‌ಷಿ ಪ್ರಾಂತದ ಚಿಯಾನ್‌ಲಿಂಗ್‌ನಲ್ಲಿ 706ರಲ್ಲಿ ನಿರ್ಮಿತವಾದ ಜಾಂಗ್‌ಹ್ವಾಯ್ ರಾಜಕುಮಾರನ ಸಮಾಧಿಯ ಭಿತ್ತಿಚಿತ್ರದಲ್ಲಿ ಪರಿಚಾರಕಿಯೊಬ್ಬಳು ಕಲ್ಲು ಮತ್ತು ಕಿರುಗಿಡಗಳುಳ್ಳ ತಟ್ಟೆಯನ್ನು ಎರಡು ಕೈಗಳಲ್ಲಿ ಹಿಡಿದು ನಿಂತಿದ್ದಾಳೆ. ಜಪಾನಿನ 1309ರ ಕಸುಗ ಗೊಂಗೆನ್ ಗೆಂಕಿ ಎಂಬ ಚಿತ್ರಸುರುಳಿಯಲ್ಲಿ ಪಾತ್ರೆಗಳಲ್ಲಿ ನೆಟ್ಟ ಮರಗಳ ಚಿತ್ರಗಳುಂಟು. ಅತಿಥಿಯಾಗಿ ಬಂದ ಯತಿಯ ಚಳಿ ನೀಗಲೆಂದು ಬಡ ಯೋಧನೊಬ್ಬನು ತನ್ನಲ್ಲುಳಿದಿದ್ದ ಪ್ಲಮ್, ಚೆರಿ, ಪೈನ್ ಮರಗಳ ಮೂರು ಕುಂಡಗಳನ್ನೂ ಒಲೆಗೆ ಅರ್ಪಿಸುವ ಕಥೆಯುಳ್ಳ ‘ಹಾಚಿ ನೊ ಕಿ’ ಎಂಬ ನೋ ನಾಟಕ ಆ ದೇಶದಲ್ಲಿ ಕುಂಡದ ಮರಕ್ಕಿದ್ದ ಗೌರವವನ್ನು ತೋರಿಸುತ್ತದೆ. ಆಧುನಿಕ ಕಾಲದಲ್ಲಿ ಈ ಕಲೆಗೆ ರಾಜಧಾನಿಯಾದುದು ಟೋಕಿಯೋ ನಗರದ ಉತ್ತರಕ್ಕಿರುವ ಓಮಿಯಾ. 1923ರ ಮಹಾಭೂಕಂಪದ ತರುವಾಯ ಟೋಕಿಯೋದ ಬೊನ್ಸಾಯ್ ಬೆಳೆಗಾರರು ಒಳ್ಳೆಯ ಮಣ್ಣು, ನೀರು, ಗಾಳಿಗಳನ್ನು ಅರಸಿ ಇಲ್ಲಿಗೆ ಬಂದು 1925ರಲ್ಲಿ ಒಂದು ಗ್ರಾಮವನ್ನೇ ಕಟ್ಟಿದರು. 1928ರಲ್ಲಿ ಅವರು ಮಾಡಿಕೊಂಡ ಕಟ್ಟಳೆಗಳಂತೆ ಪ್ರತಿ ಮನೆಯವರೂ ಕನಿಷ್ಠ ಹತ್ತು ಬೊನ್ಸಾಯ್‌ಗಳನ್ನು ಹೊಂದಿರತಕ್ಕದ್ದು, ಬಾಗಿಲನ್ನು ಸರ್ವರಿಗೂ ತೆರೆದಿಡತಕ್ಕದ್ದು, ಮಹಡಿ ಕಟ್ಟಕೂಡದು, ಮನೆಯ ಸುತ್ತ ಗೋಡೆಗೆ ಬದಲಾಗಿ ಸಸ್ಯದ ಬೇಲಿಯನ್ನೇ ಬೆಳೆಸತಕ್ಕದ್ದು. ಬೇಲಿಗಿಡಕ್ಕೂ ಬೊನ್ಸಾಯ್‌ಗೂ ಇಷ್ಟು ಹತ್ತಿರದ ನೆರೆಹೊರೆಯನ್ನು ಕಟ್ಟಳೆಯಿಂದಲೇ ಏರ್ಪಡಿಸಿದ ಊರು ಬೇರೊಂದಿರಲಾರದು.

ಆದರೆ ಜಪಾನಿನ ಹಳೆಯ ಪದ್ಧತಿಯಲ್ಲಿ ಹೆಚ್ಚಿನ ಬೆಲೆಯಿದ್ದದ್ದು ತೋಟದ ಗಿಡಕ್ಕಲ್ಲ, ಯಾಮಾದೊರಿ ಎಂದು ಕರೆಯಲ್ಪಡುವ, ಬೆಟ್ಟದಿಂದ ಅಗೆದು ತಂದ ಗಿಡಕ್ಕೆ. ಗಾಳಿ, ಹಿಮ, ಬಂಡೆಗಳ ನಡುವೆ ಶತಮಾನಗಳ ಕಾಲ ಹೆಣಗಿ ಗಿಡ್ಡಾದ ಶಿಂಪಾಕು ಜುನಿಪರ್‌ಗಳಿಗಾಗಿ ನಿಯಿಗಾತ ಪ್ರಾಂತದ ಇತೊಯಿಗಾವದ ಸುಣ್ಣಕಲ್ಲಿನ ಕಡಿದಾದ ಬಂಡೆಗಳಿಂದ ಹಗ್ಗ ಕಟ್ಟಿ ಇಳಿಯುತ್ತಿದ್ದ ಸಾಹಸಿಗಳಲ್ಲಿ ಪ್ರಾಣ ತೆತ್ತವರೂ ಉಂಟು; ಇಂದು ಆ ಬಂಡೆಗಳಲ್ಲಿ ತರತಕ್ಕ ಗಿಡಗಳು ಬಹುಮಟ್ಟಿಗೆ ಬರಿದಾಗಿವೆ. ಒಂದು ಮರ ನೂರಾರು ವರ್ಷ ಬಾಳಿದ ನೆಲೆಯಿಂದ ಅದನ್ನು ಕಿತ್ತು ತಂದು, ಎರಡು ಬೇಸಗೆಗಳಲ್ಲಿ ಒಣಗಿಸಿ ಎಸೆದವರ ಸಂಖ್ಯೆ ಪ್ರದರ್ಶನದಲ್ಲಿಟ್ಟು ಹೆಸರು ಗಳಿಸಿದವರ ಸಂಖ್ಯೆಗಿಂತ ಕಡಿಮೆಯಾಗಿರಲಿಕ್ಕಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ಈ ಕಲೆ ಪಾಶ್ಚಾತ್ಯ ದೇಶಗಳಿಗೆ ವಿಸ್ತಾರವಾಗಿ ಹಬ್ಬಿತು. ಟೋಕಿಯೋದಲ್ಲಿ 1952ರಿಂದ ವಿದೇಶೀಯರಿಗೆ ಪಾಠ ಹೇಳಿದ ಯುಜಿ ಯೋಶಿಮುರಾ ಅವರು ಜಿಯೊವಾನ್ನಾ ಹಾಲ್ಫರ್ಡ್ ಅವರೊಡನೆ ಇಂಗ್ಲಿಷಿನಲ್ಲಿ ಬರೆದ ಕೈಪಿಡಿ 1957ರಲ್ಲಿ ಪ್ರಕಟವಾಯಿತು. 1976ರಲ್ಲಿ ಜಪಾನು ಅಮೆರಿಕಕ್ಕೆ 53 ಬೊನ್ಸಾಯ್‌ಗಳನ್ನು ಕಾಣಿಕೆಯಾಗಿ ಕೊಟ್ಟಿತು. ಹೊಸದಾಗಿ ಕಲಿತವರಿಗೆ ಬೆಟ್ಟವೂ ದೂರ, ಅರಣ್ಯದ ಕಾನೂನೂ ಅಡ್ಡ. ಆದರೆ ಇಂಗ್ಲೆಂಡಿನ ನಗರಗಳ ಹೊರವಲಯಗಳಲ್ಲಿ ಸಾಲುಸಾಲಾಗಿ ನಿಂತ ಪ್ರಿವೆಟ್ ಮತ್ತು ಯೂ ಬೇಲಿಗಳೂ, ಅಮೆರಿಕದ ಮನೆಗಳ ಮುಂದೆ ಹರಡಿಕೊಂಡ ಫಿಟ್ಸರ್ ಜುನಿಪರ್‌ಗಳೂ, ಬಾಕ್ಸ್ ಮತ್ತು ಅಜೇಲಿಯಗಳೂ ಕೈಗೆಟಕುವಂತಿದ್ದವು. ಕಾರು ನಿಲ್ಲಿಸಲು ಅಂಗಳಕ್ಕೆ ಕಲ್ಲು ಹಾಸುವ ರೂಢಿ ಬೆಳೆದಂತೆ ಹಳೆಯ ಬೇಲಿಗಳು ತಾವಾಗಿಯೇ ತೆರವಾಗತೊಡಗಿದವು. ತೋಟದ ಪೊದೆಯನ್ನು ಅಗೆಯುವವನು ನಿಸರ್ಗಕ್ಕೆ ಸಾಲಗಾರನಾಗುವುದಿಲ್ಲ. ಈ ಒಂದು ಕಾರಣಕ್ಕಾಗಿಯೇ ಬೆಟ್ಟದ ಗಿಡಕ್ಕಿಂತ ಬೇಲಿಯ ಗಿಡ ಮೇಲೆಂದು ಹೇಳಬೇಕು.

ಎಲ್ಲ ಪೊದೆಗಳೂ ಈ ಕೆಲಸಕ್ಕೆ ಒದಗುವುದಿಲ್ಲ. ಎಲೆ ಚಿಕ್ಕದಿರಬೇಕು, ಅಥವಾ ಚಿಕ್ಕದಾಗುವ ಸ್ವಭಾವದ್ದಾಗಿರಬೇಕು. ಹಳೆಯ ಬೋಳು ಕಾಂಡದಿಂದ ಹೊಸ ಚಿಗುರೊಡೆಯುವ ಶಕ್ತಿಯಿರಬೇಕು. ಬೇರನ್ನು ಕಡಿದರೆ ತಾಳಿಕೊಳ್ಳಬೇಕು. ಕುಂಡದ ಅಭ್ಯಾಸದಿಂದ ಎಲೆ ಕಿರಿದಾಗುತ್ತದೆಯಾದರೂ ಹೂವೂ ಹಣ್ಣೂ ಕಿರಿದಾಗುವುದಿಲ್ಲವೆಂಬುದನ್ನು ಆಯ್ಕೆಯ ಕಾಲದಲ್ಲಿ ಮರೆಯುವವರು ಬಹಳ. ಈ ಪರೀಕ್ಷೆಗಳಲ್ಲಿ ಸರ್ವಶ್ರೇಷ್ಠವಾಗಿ ತೇರ್ಗಡೆಯಾಗುವುದು ಅಜೇಲಿಯ, ಅದರಲ್ಲಿಯೂ ಜಪಾನಿನ ಸತ್ಸುಕಿ ವರ್ಗ. ಇದರ ಬೇರುಗಳು ಆಳಕ್ಕೆ ಇಳಿಯದೆ ಕಾಂಡದ ಬುಡದ ಸುತ್ತಲೇ ಕೂದಲಿನಂತೆ ದಟ್ಟವಾಗಿ ಹೆಣೆದುಕೊಂಡಿರುವುದರಿಂದ, ದೊಡ್ಡ ಪೊದೆಯನ್ನೂ ಚಾಪೆ ಸುತ್ತಿ ಎತ್ತಿದಂತೆ ನೆಲದಿಂದ ಬಿಡಿಸಿಕೊಳ್ಳಬಹುದು; ಎಲೆಯೊಂದೂ ಉಳಿಯದಂತೆ ಬೊಡ್ಡೆಗೆ ಕಡಿದರೂ ತೊಗಟೆಯಡಿಯ ಸುಪ್ತ ಮೊಗ್ಗುಗಳು ಎಚ್ಚತ್ತು ಕಾಂಡದ ಉದ್ದಕ್ಕೂ ಚಿಗುರನ್ನು ಮೂಡಿಸುತ್ತವೆ. ಪ್ರತಿಯಾಗಿ ಅದರ ದೋಷಗಳನ್ನೂ ತಿಳಿದಿರಬೇಕು. ಬಹುತೇಕ ಮರಗಳಲ್ಲಿ ತುದಿಗೆ ಪ್ರಾಬಲ್ಯವಾದರೆ ಅಜೇಲಿಯದಲ್ಲಿ ಬುಡದ ಕೊಂಬೆಗಳಿಗೆ ಪ್ರಾಬಲ್ಯ. ಆದಕಾರಣ ಕೆಳಗಣ ಚಿಗುರನ್ನು ನಿರ್ದಾಕ್ಷಿಣ್ಯವಾಗಿ ತಗ್ಗಿಸಿ ನೆತ್ತಿಯನ್ನು ಕಾಪಾಡದಿದ್ದರೆ ನೆತ್ತಿ ಕ್ರಮೇಣ ಸೊರಗುತ್ತದೆ. ಅದರ ಕೊಂಬೆ ಪೆಡಸು, ಬಗ್ಗಿಸುವಾಗ ತಟಕ್ಕನೆ ಮುರಿಯುತ್ತದೆ. ತೊಗಟೆ ತೆಳು, ಗಾಯ ಮುಚ್ಚಿಕೊಳ್ಳುವುದು ನಿಧಾನ. ಸುಣ್ಣದಂಶವುಳ್ಳ ನೀರು ಅದಕ್ಕಾಗದು. ಎಲೆ ಹಳದಿಗೆ ತಿರುಗಿ ಗಿಡ ಕ್ಷಯಿಸುತ್ತದೆ. ತೊಚಿಗಿ ಪ್ರಾಂತದ ಕನುಮಾ ನಗರದ ಸುತ್ತ ದೊರೆಯುವ, ಅದೇ ಹೆಸರಿನ ಆಮ್ಲೀಯ ಜ್ವಾಲಾಮುಖಿ ಮಣ್ಣನ್ನು ಸತ್ಸುಕಿ ಬೆಳೆಗಾರರು ದೂರದೇಶಗಳಿಗೂ ತರಿಸಿಕೊಳ್ಳುವುದು ಇದಕ್ಕಾಗಿಯೇ.

ಬಾಕ್ಸ್ ಗಿಡದ ಎಲೆ ಹುಟ್ಟಿನಿಂದಲೇ ಕಿರಿದು, ಬೇರು ದಟ್ಟ, ಮರ ಗಟ್ಟಿ; ಆದರೆ ಬೆಳವಣಿಗೆ ಮಂದ, ಮೇಲಾಗಿ ಪೂರ್ವ ಏಷ್ಯದಿಂದ ಬಂದು 2007ರಲ್ಲಿ ಯೂರೋಪಿನಲ್ಲಿ ಗೋಚರಿಸಿದ ಒಂದು ಪತಂಗದ ಮರಿಹುಳುಗಳು ಅಲ್ಲಿನ ಬಾಕ್ಸ್ ಬೇಲಿಗಳನ್ನು ಬೋಳಿಸುತ್ತಿವೆ. ಪ್ರಿವೆಟ್ ಅಗ್ಗದ ಗಿಡವೆಂದು ತಾತ್ಸಾರಕ್ಕೆ ಗುರಿಯಾದರೂ ಆರಂಭಿಕನಿಗೆ ಅದರಷ್ಟು ಕ್ಷಮಾಶೀಲವಾದ ಗುರು ಮತ್ತೊಂದಿಲ್ಲ. ಶಂಕುಧಾರಿಗಳ ಸ್ಥಿತಿ ಬೇರೆ. ಯೂ ಮಾತ್ರ ಹಳೆಯ ಕಾಂಡದಿಂದಲೂ ಚಿಗುರುತ್ತದೆ, ಬೀಜವನ್ನು ಸುತ್ತಿದ ಕೆಂಪು ತಿರುಳೊಂದನ್ನುಳಿದು ಅದರ ಸರ್ವಾಂಗವೂ ವಿಷವೆಂಬುದನ್ನು ಕತ್ತರಿ ಹಿಡಿದವರು ನೆನಪಿಡಬೇಕು. ಜುನಿಪರ್ ಆದರೋ ಹಸಿರಿಲ್ಲದ ಹಳೆಯ ಕಡ್ಡಿಯಿಂದ ಮರಳಿ ಚಿಗುರುವುದಿಲ್ಲ. ದಶಕಗಳ ಕಾಲ ಹೊರಮೈಯನ್ನಷ್ಟೇ ಸವರಿಸಿಕೊಂಡ ಜುನಿಪರ್ ಪೊದೆಯನ್ನು ಬಿಡಿಸಿ ನೋಡಿದರೆ ಹೊರಗೆ ಹಸಿರಿನ ಚಿಪ್ಪು, ಒಳಗೆ ಬರಿಯ ಒಣಕಡ್ಡಿ. ಉದ್ದನೆಯ ಬೋಳು ಕೊಂಬೆಯನ್ನು ತಂತಿಯಿಂದ ಸುತ್ತಿಸಿ ತುದಿಯ ಹಸಿರನ್ನು ಕಾಂಡದ ಬಳಿಗೆ ತರಬೇಕು, ಇಲ್ಲವೆ ಶಿಂಪಾಕುವಿನ ಕುಡಿಯನ್ನು ಕಾಂಡಕ್ಕೆ ಕಸಿಮಾಡಬೇಕು.

ಆಯ್ಕೆಯ ವಿಷಯದಲ್ಲಿ ಇನ್ನೊಂದು ಮಾತು. ಪೊದೆಯ ಮೇಲಣ ಸೊಬಗಿಗೆ ಮನಸೋಲದೆ, ಬುಡದ ಮಣ್ಣನ್ನು ಬೆರಳಿನಿಂದ ಕೆದಕಿ, ನೆಲವನ್ನು ಹಿಡಿದು ನಾಲ್ಕೂ ದಿಕ್ಕಿಗೆ ಹರಡಿದ ಬೇರುಗಳಿವೆಯೇ ಎಂದು ನೋಡಬೇಕು. ಜಪಾನೀಯರು ನೆಬಾರಿ ಎನ್ನುವ ಈ ಬುಡದ ಹರವು ಇದ್ದರೆ ಮಿಕ್ಕದ್ದನ್ನು ಬೆಳೆಸಿಕೊಳ್ಳಬಹುದು. ಇಲ್ಲದಿದ್ದರೆ ಎಷ್ಟು ಕೊಂಬೆ ತಿದ್ದಿದರೂ ಮರ ಕುಂಡದಲ್ಲಿ ನಾಟಿದ ಗೂಟದಂತೆಯೇ ಕಾಣುತ್ತದೆ.

ಅಗೆತದಲ್ಲಿ ಗಿಡಕ್ಕೆ ಆಗುವ ಆಘಾತದ ಸ್ವರೂಪವನ್ನು ಅರಿಯದೆ ಮುಂದಿನ ಉಪಚಾರ ಅರ್ಥವಾಗುವುದಿಲ್ಲ. ನೀರನ್ನು ಹೀರುವ ಕೆಲಸ ದಪ್ಪ ಬೇರುಗಳದ್ದಲ್ಲ, ಅವುಗಳ ತುದಿಯಲ್ಲಿರುವ ಎಳೆಯ ಬೇರುಗಳದ್ದು ಮತ್ತು ಕಣ್ಣಿಗೆ ಕಾಣದಷ್ಟು ನವುರಾದ ಬೇರುರೋಮಗಳದ್ದು. ಸನಿಕೆ ಮೊದಲು ಕತ್ತರಿಸಿ ಹಾಕುವುದು ಇವುಗಳನ್ನೇ. ಎಲೆಯಿಂದ ಆವಿಯಾಗುವ ನೀರಿಗೂ ಬೇರು ಹೀರುವ ನೀರಿಗೂ ಇದ್ದ ಸಮತೋಲ ಒಂದೇ ಗಳಿಗೆಯಲ್ಲಿ ತಪ್ಪುತ್ತದೆ. ಹಾಗೆಂದು ಎಲ್ಲ ಎಲೆಯನ್ನೂ ಸವರಿಬಿಡುವುದು ಸರ್ವತ್ರ ಮದ್ದಲ್ಲ; ಏಕೆಂದರೆ ಹೊಸ ಬೇರನ್ನು ಪ್ರಚೋದಿಸುವ ಆಕ್ಸಿನ್ ಎಂಬ ರಸ ಉತ್ಪನ್ನವಾಗುವುದು ಕುಡಿಗಳಲ್ಲಿ ಮತ್ತು ಎಳೆಯ ಎಲೆಗಳಲ್ಲಿ, ಅದು ಅಲ್ಲಿಂದ ಕೆಳಮುಖವಾಗಿ ಇಳಿಯುತ್ತದೆ. ಚಿಗುರನ್ನು ಪ್ರಚೋದಿಸುವ ಸೈಟೋಕೈನಿನ್ ಬೇರಿನ ತುದಿಗಳಲ್ಲಿ ಹುಟ್ಟಿ ಮೇಲೇರುತ್ತದೆ. ಎಲೆ ಉದುರಿಸುವ ಮರಗಳೂ ಅಜೇಲಿಯ, ಪ್ರಿವೆಟ್‌ಗಳಂಥ ಅಗಲೆಲೆಯ ಪೊದೆಗಳೂ ಕಾಂಡದಲ್ಲಿಯೂ ದಪ್ಪ ಬೇರುಗಳಲ್ಲಿಯೂ ಪಿಷ್ಟವನ್ನು ಕೂಡಿಟ್ಟುಕೊಂಡು ಆ ಬಂಡವಾಳದಿಂದ ಬೋಳು ಬೊಡ್ಡೆಯಿಂದಲೂ ಎದ್ದುಬರಬಲ್ಲವು. ಜುನಿಪರಿಗಾದರೋ ಅದರ ಹಸಿರೇ ಬಂಡವಾಳ, ಅದನ್ನು ಸವರಿದವನು ಬೇರನ್ನೂ ಸವರಿದಂತೆಯೇ. ಒಂದೇ ನಿಯಮವನ್ನು ಎರಡು ಜಾತಿಗಳಿಗೂ ಅನ್ವಯಿಸಿದ್ದರಿಂದ ಸತ್ತ ಗಿಡಗಳಿಗೆ ಲೆಕ್ಕವಿಲ್ಲ.

ಸಮಶೀತೋಷ್ಣ ದೇಶಗಳಲ್ಲಿ ಅಗೆಯುವ ಪ್ರಶಸ್ತ ಕಾಲ ಚಳಿಗಾಲದ ಕೊನೆ, ಮೊಗ್ಗು ಉಬ್ಬಿ ಇನ್ನೂ ಅರಳದಿರುವ ಸಂಧಿಕಾಲ. ಸಂದೇಹವಿರುವ ಬೆಲೆಬಾಳುವ ಗಿಡಗಳಿಗೆ ಒಂದೆರಡು ವರ್ಷ ಮುಂಚಿತವಾಗಿಯೇ ಸಿದ್ಧತೆ ಮಾಡುವುದುಂಟು: ಮೊದಲ ವರ್ಷ ಸುತ್ತಳತೆಯ ಅರ್ಧಭಾಗದಲ್ಲಿ ಕಂದಕ ತೋಡಿ ಅಲ್ಲಿಯ ಬೇರುಗಳನ್ನು ಕಡಿದು ಮರಳುಮಿಶ್ರಿತ ಮಣ್ಣನ್ನು ತುಂಬುತ್ತಾರೆ, ಕಡಿದ ಬಾಯಿಗಳಿಂದ ನಾರುಬೇರು ಹೊಮ್ಮಿದ ಮೇಲೆ ಮರುವರ್ಷ ಉಳಿದರ್ಧವನ್ನು ಹಾಗೆಯೇ ಮಾಡುತ್ತಾರೆ, ಬಳಿಕ ಎತ್ತುತ್ತಾರೆ. ಬೇಲಿ ಕೀಳುವ ಮನೆಯೊಡೆಯನಿಗೆ ಇಷ್ಟು ಸಹನೆಯಿರುವುದು ವಿರಳವಾದ್ದರಿಂದ ಸಾಮಾನ್ಯವಾಗಿ ಒಂದೇ ಸಲಕ್ಕೆ ಎತ್ತಬೇಕಾಗುತ್ತದೆ. ಹಿಂದಿನ ದಿನ ಬುಡಕ್ಕೆ ಧಾರಾಳವಾಗಿ ನೀರೆರೆದು, ಅಡ್ಡಬರುವ ಉದ್ದ ಕೊಂಬೆಗಳನ್ನು ತೆಗೆದು, ಬೊಡ್ಡೆಯಿಂದ ಒಂದಿಷ್ಟು ದೂರದಲ್ಲಿ ಸುತ್ತಲೂ ಅಗೆದು, ಅಡಿಯಿಂದ ಹಾರೆ ಹಾಕಿ ಸಡಿಲಿಸಿ, ಕೊನೆಗೆ ತಾಯಿಬೇರನ್ನು ಗರಗಸದಿಂದ ಕೊಯ್ಯಬೇಕು. ಕಾಂಡವನ್ನು ಹಿಡಿದು ಜಗ್ಗಿದರೆ ನಾರುಬೇರುಗಳೆಲ್ಲ ನೆಲದಲ್ಲಿಯೇ ಉಳಿದುಬಿಡುತ್ತವೆ. ಎತ್ತಿದ ಕೂಡಲೆ ಒದ್ದೆ ಗೋಣಿತಾಟಿನಲ್ಲಿ ಬೇರನ್ನು ಸುತ್ತತಕ್ಕದ್ದು. ಬಿಸಿಲು ಗಾಳಿಗಳಲ್ಲಿ ಅಲ್ಪಕಾಲ ತೆರೆದಿಟ್ಟ ನಾರುಬೇರು ಮತ್ತೆ ಜೀವ ತಳೆಯುವುದಿಲ್ಲ.

ಹೀಗೆ ತಂದ ಗಿಡವನ್ನು ನೇರವಾಗಿ ಚೆಲುವಾದ ಬೊನ್ಸಾಯ್ ಕುಂಡದಲ್ಲಿ ಕೂರಿಸುವುದು ಆತುರಗಾರರ ತಪ್ಪು. ಅದಕ್ಕೆ ಸಲ್ಲುವುದು ತಳದಲ್ಲಿ ಧಾರಾಳವಾಗಿ ರಂಧ್ರಗಳುಳ್ಳ ಮರದ ಪೆಟ್ಟಿಗೆ ಅಥವಾ ಜಾಳಿಗೆಯ ಬುಟ್ಟಿ. ಮಣ್ಣೆಂದರೆ ತೋಟದ ಜಿಗುಟು ಮಣ್ಣಲ್ಲ, ಧೂಳನ್ನು ಜರಡಿ ಹಿಡಿದು ಕಳೆದ ಹರಳುಗಳು: ಜಪಾನಿನಲ್ಲಿ ಅಕದಮಾ ಎಂಬ ಸುಟ್ಟಂತೆ ಕಾಣುವ ಜೇಡಿಯ ಹರಳು, ಬೇರೆಡೆಗಳಲ್ಲಿ ಪ್ಯೂಮಿಸ್, ಲಾವಾ, ಇಟ್ಟಿಗೆಚೂರು. ಇದರ ಹಿಂದೆ ಒಂದು ಭೌತಿಕ ಕಾರಣವಿದೆ. ಯಾವುದೇ ಪಾತ್ರೆಯಲ್ಲಿ ನೀರು ಸೋರಿಹೋದ ಬಳಿಕವೂ ತಳದಲ್ಲಿ ಒಂದು ಪದರ ಪೂರ್ಣವಾಗಿ ತೊಯ್ದುಕೊಂಡೇ ನಿಲ್ಲುತ್ತದೆ. ಆ ಪದರದ ದಪ್ಪ ಪಾತ್ರೆಯ ಆಳವನ್ನು ಅವಲಂಬಿಸದೆ ಮಣ್ಣಿನ ಕಣಗಳ ಗಾತ್ರವನ್ನೇ ಅವಲಂಬಿಸುವುದರಿಂದ, ನುಣುಪಾದ ಮಣ್ಣಿದ್ದರೆ ಆಳವಿಲ್ಲದ ಪಾತ್ರೆಯೆಲ್ಲ ಕೆಸರಾಗಿ ಬೇರಿಗೆ ಗಾಳಿಯೇ ದೊರೆಯದಂತಾಗುತ್ತದೆ. 3ರಿಂದ 6 ಮಿ.ಮೀ. ಗಾತ್ರದ ಹರಳುಗಳಲ್ಲಿ ಆ ಪದರ ತೆಳುವಾಗಿ, ಉಳಿದೆಡೆಯಲ್ಲಿ ನೀರಿನೊಡನೆ ಗಾಳಿಯೂ ಸಂಚರಿಸುತ್ತದೆ. ಅಗಲೆಲೆಯ ಗಿಡಗಳ ಬೇರಿನಿಂದ ಹಳೆಯ ಮಣ್ಣನ್ನು ತೊಳೆದು ತೆಗೆಯುವುದರಿಂದ, ಕುಂಡದೊಳಗೆ ಸೇರಿದರೆ ಬೇರನ್ನೆಲ್ಲ ಮೇಯ್ದುಬಿಡುವ ಸೊಂಡಿಲಹುಳುವಿನ ಮರಿಗಳಂಥ ಉಪದ್ರವಗಳೂ ದೂರವಾಗುತ್ತವೆ. ಶಂಕುಧಾರಿಗಳಲ್ಲಿ ಹಳೆಯ ಮಣ್ಣನ್ನು ಒಮ್ಮೆಗೆ ಅರ್ಧಭಾಗ ಮಾತ್ರ ತೆಗೆದು, ಉಳಿದುದನ್ನು ಎರಡು ಮೂರು ವರ್ಷ ಬಿಟ್ಟು ತೆಗೆಯುತ್ತಾರೆ. ಬೇರುಗಳ ಎಡೆಯಲ್ಲಿ ಟೊಳ್ಳು ಉಳಿಯದಂತೆ ಕಡ್ಡಿಯಿಂದ ಮಣ್ಣನ್ನು ತುಂಬಿಸಿ, ಗಿಡವನ್ನು ತಂತಿಯಿಂದ ಪೆಟ್ಟಿಗೆಗೆ ಬಿಗಿಯುವುದು ಅತ್ಯವಶ್ಯ. ಗಾಳಿಗೆ ಬೊಡ್ಡೆ ಅಲುಗಾಡಿದಷ್ಟು ಸಲವೂ ಆಗತಾನೆ ಮೂಡಿದ ಬೇರಿನ ತುದಿಗಳು ಮುರಿಯುತ್ತವೆ.

ಅಲ್ಲಿಂದ ಮುಂದೆ ಬರುವುದು ಈ ವಿದ್ಯೆಯಲ್ಲಿ ಅತ್ಯಂತ ಕಠಿಣವಾದ ಭಾಗ, ಅಂದರೆ ಏನನ್ನೂ ಮಾಡದೆ ಸುಮ್ಮನಿರುವುದು. ನೆಟ್ಟ ಕೆಲವು ವಾರಗಳಲ್ಲಿ ಬೊಡ್ಡೆಯ ತುಂಬ ಹಸಿರು ಚಿಗುರು ಮೂಡಿತೆಂದರೆ ಗಿಡ ಬದುಕಿತೆಂದು ಒಡೆಯನು ಹಿಗ್ಗುತ್ತಾನೆ. ಆದರೆ ಆ ಮೊದಲ ಚಿಗುರು ಬಹುವೇಳೆ ಕಾಂಡದಲ್ಲಿ ಕೂಡಿಟ್ಟಿದ್ದ ಪಿಷ್ಟದ ವೆಚ್ಚದಲ್ಲಿ ಬಂದದ್ದೇ ಹೊರತು ಹೊಸ ಬೇರಿನ ಸಂಪಾದನೆಯಲ್ಲ. ಬೇರು ಮೂಡದೆ ಎಲೆ ಮಾತ್ರ ಮೂಡಿದ ಗಿಡ, ಬಂಡವಾಳ ತೀರಿದ ದಿನ, ಅದೂ ಸಾಮಾನ್ಯವಾಗಿ ಮೊದಲ ಬಿಸಿಲಿನ ಹೊಡೆತಕ್ಕೆ, ಒಮ್ಮೆಲೆ ಬಾಡಿಹೋಗುತ್ತದೆ. ನಿಜವಾದ ಚೇತರಿಕೆಯ ಗುರುತು ಎರಡನೆಯ ಸುತ್ತಿನ ಚಿಗುರು. ಎಲೆ ಬಲಿತು, ಗೆಣ್ಣು ನೀಳವಾಗಿ, ಕುಡಿ ಮುಂದುವರಿಯುತ್ತಿದ್ದರೆ ಕೆಳಗೆ ಬೇರು ಓಡುತ್ತಿದೆಯೆಂದು ತಿಳಿಯಬಹುದು. ಆವರೆಗೆ ಬಿಸಿಲಿನ ಝಳ ತಾಗದ ಬೆಳಕಿನ ಸ್ಥಳದಲ್ಲಿಟ್ಟು, ಎಲೆಗೆ ನೀರಿನ ತುಂತುರು ಹನಿಸುತ್ತ, ಮಣ್ಣನ್ನು ತೇವವಾಗಿಟ್ಟು ಕೆಸರಾಗಿಸದೆ, ಗೊಬ್ಬರವನ್ನು ತಡೆದಿಡಬೇಕು. ಬೇರಿಲ್ಲದ ಗಿಡಕ್ಕೆ ಗೊಬ್ಬರ ಹಾಕುವುದು ಮೂರ್ಛೆ ಹೋದವನಿಗೆ ಔತಣ ಬಡಿಸುವಂಥ ಕಾರ್ಯ. ಹೊಸ ಚಿಗುರುಗಳು ಎಷ್ಟೇ ಅಂಕುಡೊಂಕಾಗಿ ಬಂದರೂ ಮೊದಲ ವರ್ಷ ಒಂದನ್ನೂ ಚಿವುಟಕೂಡದು. ಒಂದೊಂದು ಕುಡಿಯೂ ಬೇರಿಗೆ ಹೋಗುವ ಆಜ್ಞೆ. ಬೊನ್ಸಾಯ್ ಸಾಹಿತ್ಯದಲ್ಲಿ ಈ ನಿಷ್ಕ್ರಿಯತೆಗೆ ದೊರೆತಿರುವ ಪುಟಗಳು ತಂತಿ ಸುತ್ತುವ ಕ್ರಮಕ್ಕೆ ದೊರೆತ ಪುಟಗಳ ಹತ್ತರಲ್ಲೊಂದು ಭಾಗವೂ ಇರಲಾರದು, ಗಿಡಗಳು ಸಾಯುವುದು ಮಾತ್ರ ಬಹುಪಾಲು ಇಲ್ಲಿಯೇ.

ಎರಡು ಮೂರು ವರ್ಷಗಳಲ್ಲಿ ಬೇರು ಪೆಟ್ಟಿಗೆಯನ್ನು ತುಂಬಿದ ಮೇಲೆ ರೂಪದ ಪ್ರಶ್ನೆ ಏಳುತ್ತದೆ. ಬೇಲಿಗಿಡದ ಸಹಜದೋಷವೆಂದರೆ ಬುಡದಿಂದ ತುದಿಯವರೆಗೆ ಒಂದೇ ದಪ್ಪದ ಕಾಂಡ, ಅಥವಾ ಒಂದೇ ಮಟ್ಟದಲ್ಲಿ ಕವಲೊಡೆದ ಹಲವು ಕಾಂಡಗಳು. ಮರವೆಂಬ ಭ್ರಮೆ ಹುಟ್ಟಬೇಕಾದರೆ ಕಾಂಡ ಮೇಲೇರಿದಂತೆ ಸಪೂರವಾಗುತ್ತ ಹೋಗಬೇಕು. ಆದ್ದರಿಂದ ಬೊಡ್ಡೆಯನ್ನು ತಗ್ಗಿನಲ್ಲಿ ಓರೆಯಾಗಿ ಕೊಯ್ದು, ಕೊಯ್ದ ಬಾಯಿಯ ಬಳಿ ಮೂಡಿದ ಒಂದು ಚಿಗುರನ್ನೇ ಮುಂದಿನ ಕಾಂಡವೆಂದು ಆರಿಸಿ, ಅದನ್ನು ಒಂದೆರಡು ವರ್ಷ ಯಥೇಚ್ಛವಾಗಿ ಓಡಲು ಬಿಟ್ಟು, ಬುಡದಲ್ಲಿ ತಕ್ಕಷ್ಟು ದಪ್ಪವಾದೊಡನೆ ಗಿಡ್ಡವಾಗಿ ಕತ್ತರಿಸಿ, ಅದರಿಂದ ಹೊರಟ ಇನ್ನೊಂದು ಚಿಗುರನ್ನು ಹಾಗೆಯೇ ಬಿಡುತ್ತಾರೆ. ಹೀಗೆ ಓಡಬಿಟ್ಟು ಕತ್ತರಿಸುವ ಕ್ರಮವನ್ನು ಶಾಸ್ತ್ರದ ಮಟ್ಟಕ್ಕೇರಿಸಿದವರು ದಕ್ಷಿಣ ಚೀನಾದ ಗ್ವಾಂಗ್‌ಜೌ ನಗರದ ಲಿಂಗ್ನಾನ್ ಸಂಪ್ರದಾಯದವರು. ಕಾಂಗ್ ತಾಯ್ಚು ಮತ್ತು ಬೌದ್ಧ ಭಿಕ್ಷು ಸು ರೆನ್ ಈ ಸಂಪ್ರದಾಯದ ಇಪ್ಪತ್ತನೆಯ ಶತಮಾನದ ಆಚಾರ್ಯರು. ಪ್ರತಿ ಕೊಯ್ತದಲ್ಲಿಯೂ ದಿಕ್ಕು ಬದಲಾಗುವುದರಿಂದ ಕೊಂಬೆಗೆ ತಂತಿಯ ಸಹಾಯವಿಲ್ಲದೆ ಮುರಿಮುರಿದ ವೃದ್ಧವೃಕ್ಷದ ರೇಖೆ ದೊರೆಯುತ್ತದೆ. ಪೆಡಸು ಕೊಂಬೆಯ ಅಜೇಲಿಯ, ಪ್ರಿವೆಟ್‌ಗಳಿಗೆ ಜಪಾನೀ ತಂತಿಗಿಂತ ಈ ಚೀನೀ ಕತ್ತರಿಯೇ ಉಚಿತವೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ. ಜುನಿಪರ್ ಯೂಗಳಿಗೆ ತಂತಿ ಅನಿವಾರ್ಯ. ಕೊಂಬೆಯ ಮೂರನೆಯೊಂದು ಪಾಲಿನಷ್ಟು ದಪ್ಪದ ತಾಮ್ರ ಅಥವಾ ಅಲ್ಯೂಮಿನಿಯಂ ತಂತಿಯನ್ನು ಸುಮಾರು 45 ಅಂಶದ ಓರೆಯಲ್ಲಿ ಸುತ್ತಿ, ತೊಗಟೆಯೊಳಗೆ ಇಳಿಯುವ ಮುನ್ನ ಕತ್ತರಿಸಿ ತೆಗೆಯಬೇಕು.

ಅಗೆದ ಪೊದೆಯಲ್ಲಿ ದೊಡ್ಡ ಗಾಯಗಳು ತಪ್ಪಿದ್ದಲ್ಲ. ಗಟ್ಟಿಮರದ ಜುನಿಪರ್, ಯೂಗಳಲ್ಲಿ ಗಾಯವನ್ನು ಮರೆಮಾಡದೆ, ಸತ್ತ ಕೊಂಬೆಯ ತೊಗಟೆ ಸುಲಿದು, ಸಿಡಿಲು ಬಡಿದಂತೆ ಸಿಗಿದು, ಸುಣ್ಣ ಗಂಧಕಗಳ ದ್ರಾವಣವನ್ನು ಲೇಪಿಸಿ ಬೆಳ್ಳಗಾಗಿಸುತ್ತಾರೆ. ಕೊಂಬೆಯ ಮೇಲಣ ಇಂಥ ಒಣಭಾಗ ಜಿನ್, ಕಾಂಡದ ಮೇಲಣದ್ದು ಶಾರಿ. ಅಜೇಲಿಯದ ಮೆದುಮರ ಹೀಗೆ ತೆರೆದಿಟ್ಟರೆ ಕೊಳೆಯುತ್ತದೆಯಾದ್ದರಿಂದ ಅಲ್ಲಿ ಗಾಯವನ್ನು ತುಸು ತಗ್ಗಾಗಿ ಕೆತ್ತಿ, ಲೇಪ ಹಚ್ಚಿ, ಸುತ್ತಣ ತೊಗಟೆ ಬೆಳೆದು ಮುಚ್ಚಿಕೊಳ್ಳುವವರೆಗೆ ಕಾಯಬೇಕು.

ಕೊನೆಯದಾಗಿ ಕುಂಡ. ಗಿಡದ ಎತ್ತರದ ಮೂರರಲ್ಲಿ ಎರಡು ಪಾಲು ಉದ್ದ, ಬೊಡ್ಡೆಯ ದಪ್ಪದಷ್ಟು ಆಳ ಎಂಬುದು ವಾಡಿಕೆಯ ಪ್ರಮಾಣ. ಇಷ್ಟು ಆಳವಿಲ್ಲದ ಪಾತ್ರೆಗೆ ಬೇರನ್ನು ಒಗ್ಗಿಸುವುದು ಒಂದೇ ಬಾರಿಗೆ ಆಗುವುದಿಲ್ಲ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ವರ್ಗಾಯಿಸುವಾಗಲೆಲ್ಲ ಕೆಳಮುಖವಾದ ದಪ್ಪ ಬೇರನ್ನು ಗಿಡ್ಡವಾಗಿಸಿ ಪಕ್ಕಕ್ಕೆ ಹರಡುವ ನಾರುಬೇರನ್ನು ಉಳಿಸಿಕೊಳ್ಳಬೇಕು. ಬೇಲಿ ಕಿತ್ತ ದಿನದಿಂದ ಪ್ರದರ್ಶನಯೋಗ್ಯವಾದ ಕುಂಡದವರೆಗೆ ಅಜೇಲಿಯಕ್ಕೆ ಐದಾರು ವರ್ಷಗಳೂ, ಯೂಗೆ ಹತ್ತೋ ಹನ್ನೆರಡೋ ವರ್ಷಗಳೂ ಹಿಡಿಯುವುದು ಸಾಮಾನ್ಯ. ಇಂಥ ಗಿಡಕ್ಕೆ ವಯಸ್ಸು ಹೇಳುವಲ್ಲಿ ಪ್ರಾಮಾಣಿಕತೆ ಬೇಕು: ಐವತ್ತು ವರ್ಷದ ಬೇಲಿಯ ಬೊಡ್ಡೆ ಐವತ್ತು ವರ್ಷದ ಬೊನ್ಸಾಯ್ ಅಲ್ಲ. ಹಿರೋಶಿಮಾದ ಯಾಮಾಕಿ ಮನೆತನದ ತೋಟದಲ್ಲಿ 1945ರ ಅಣುಬಾಂಬಿನಿಂದ ಪಾರಾಗಿ ಈಗ ವಾಷಿಂಗ್ಟನ್ನಿನಲ್ಲಿರುವ ಬಿಳಿ ಪೈನ್ ಮರಕ್ಕೆ ಕೊಟ್ಟಿರುವ 1625 ಎಂಬ ವರ್ಷ, ಅದರ ಶಿಕ್ಷಣ ಆರಂಭವಾದ ವರ್ಷ.

ಭಾರತದ ಬಯಲುಸೀಮೆಗಳಲ್ಲಿ ಯೂ, ಬಾಕ್ಸ್‌ಗಳ ಪಾತ್ರವನ್ನು ವಹಿಸುವ ಗಿಡಗಳು ಬೇರೆ. ಬೆಂಗಳೂರಿನ ಲಾಲ್‌ಬಾಗಿನ ಬೊನ್ಸಾಯ್ ವಿಭಾಗದಲ್ಲಿಯೂ, ಮೈಸೂರಿನ ಅವಧೂತ ದತ್ತಪೀಠದ ಕಿಷ್ಕಿಂಧಾ ಮೂಲಿಕಾ ಬೊನ್ಸಾಯ್ ಉದ್ಯಾನದಲ್ಲಿಯೂ ನಮ್ಮ ಹವೆಗೆ ಒಗ್ಗಿದ ಕುಬ್ಜವೃಕ್ಷಗಳನ್ನು ಕಾಣಬಹುದು. ಹಳೆಯ ಬಂಗಲೆಗಳ ಕಾಂಪೌಂಡುಗಳಲ್ಲಿ ಬೆಳೆದ ಕಾಗದದ ಹೂವು, ಡ್ಯುರಾಂಟ, ಕಾಡುಕರಿಬೇವು, ದಾಳಿಂಬೆಗಳು ಅಗೆದು ತರುವುದಕ್ಕೆ ಯೋಗ್ಯವಾದವು; ಮನೆ ಕೆಡವಿ ಮಹಡಿಗಳನ್ನೆಬ್ಬಿಸುವ ಕಾಲದಲ್ಲಿ ಇವು ಯಂತ್ರದ ಬಾಯಿಗೆ ಬೀಳುವುದೇ ಹೆಚ್ಚು. ಇಲ್ಲಿ ಅಗೆಯುವ ಋತು ಹಿಮದ ಕೊನೆಯಲ್ಲ, ಮುಂಗಾರಿನ ಮೋಡ ಕವಿದು ಗಾಳಿಯಲ್ಲಿ ತೇವ ಸೇರುವ ಕಾಲ. ಪೊದೆಗಳ ಬದಲು ಮರವನ್ನೇ ಮುಟ್ಟಬೇಕಾದಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ವೃಕ್ಷಾಧಿಕಾರಿಯ ಅನುಮತಿಯ ಪ್ರಶ್ನೆ ಏಳುತ್ತದೆ, ಕಾಡಿನ ಗಿಡಕ್ಕಂತೂ ಕೈಹಾಕಲೇಬಾರದು. ಕಾಗದದ ಹೂವಿನ ಬೇರು ಬಲು ಪೆಡಸು, ಎತ್ತುವಾಗಲೇ ಮಣ್ಣುಗಡ್ಡೆ ಉದುರಿಹೋಗುತ್ತದೆ. ಆದರೂ ಬೇರು ಬಹುಪಾಲು ಕಳೆದುಕೊಂಡ ಕೊರಡು ಸಹ ಬಿಸುಪಿನಲ್ಲಿ ಚಿಗುರುತ್ತದೆ, ಹೊಸ ಚಿಗುರಿನಲ್ಲಿಯೇ ಹೂ ಬಿಡುವುದರಿಂದ ಬೇಗನೆ ಫಲವನ್ನೂ ತೋರಿಸುತ್ತದೆ. ಅದರ ಮರ ಮೆದು, ನೀರು ನಿಂತರೆ ಕೊಳೆಯುತ್ತದೆ, ಒಣಭಾಗ ಬಾಳುವುದಿಲ್ಲ. ಜುನಿಪರಿನ ಚಿತ್ರಗಳನ್ನು ನೋಡಿ ಮರುಳಾಗಿ ಅದನ್ನು ಬಯಲುಸೀಮೆಯ ಸೆಕೆಯಲ್ಲಿ ಸಾಕಲೆಳಸುವುದಕ್ಕಿಂತ, ಕರ್ನಾಟಕದ ಆರಂಭಿಕನು ನೆರೆಮನೆಯವರು ಕಿತ್ತೆಸೆಯಲಿರುವ ಕಾಗದದ ಹೂವಿನ ಬುಡವೊಂದನ್ನು ಕೇಳಿ ತಂದುಕೊಳ್ಳುವುದೇ ಯುಕ್ತ.